ಗೊಂಬೆಯ ಮನೆಮಾತು ಯಾವುದು?

ಆತ್ಮೀಯರೇ,

ಕದ್ರಿಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ಬಂದು ಹತ್ತು ದಿನ ಆಯಿತು. ಸುಮ್ನೆ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಎರಡು ಸಾಲಿನಲ್ಲಿ ಮುಗಿಸುವ ಪತ್ರ ಅದಲ್ಲ. ಹಾಗಾಗಿ ತಡವಾಯಿತು.

ಉಳಿದ ಓದುಗರಿಗೆ ವಿಷಯ ತಿಳಿಸಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ಮಲೇಷ್ಯಾದ ಕೆಲಾಂತಾನ್ ರಾಜ್ಯದ ತೊಗಲುಗೊಂಬೆಯಾಟದ ಬಗ್ಗೆ ಲೇಖನ ಇತ್ತು. ಪಕ್ಕದ ಪುಟದಲ್ಲಿ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯ ಚಿತ್ರ, ಅದರ ಕೆಳಗೆ ‘ತುಳುನಾಡಿನ ಮೂಲ ಕಲೆ’ ಎಂಬ ಸಾಲು. ನಿಮ್ಮ ಆಕ್ಷೇಪ ಆ ಸಾಲಿನ ಮೇಲೆ. ಆಡಿಸುವವರ ಮನೆಮಾತು ಕೊಂಕಣಿ, ಗೊಂಬೆ ಆಡುವ ಮಾತು ಕನ್ನಡ, ಕಥೆ ರಾಮಾಯಣ ಮಹಾಭಾರತದ್ದು, ಇದರಲ್ಲಿ ತುಳುನಾಡಿನ ಮೂಲ ಎಲ್ಲಿ ಉಂಟು ಅಂತ ಕೇಳಿದ್ದೀರಿ. ಮೂಲ ಅಂದರೆ ಭೂತಾರಾಧನೆ, ಉಳಿದದ್ದೆಲ್ಲ ಹೊರಗಿನಿಂದ ಬಂದದ್ದು ಎಂದಿದ್ದೀರಿ. ಪರದೇಶದ ಗೊಂಬೆಗೆ ಅಷ್ಟು ಪುಟ ಯಾಕೆ ಎಂಬುದು ಕೊನೆಯ ಪ್ರಶ್ನೆ.

ಆ ಸಾಲು ಬರೆದದ್ದು ನಾನೇ. ಅದು ತಪ್ಪು. ಉಪ್ಪಿನಕುದ್ರು ಇರುವುದು ಕುಂದಾಪುರದ ಮಗ್ಗುಲಲ್ಲಿ. ಅಲ್ಲಿನ ಮಾತು ಕುಂದಗನ್ನಡ. ಅವರನ್ನು ತುಳುನಾಡಿಗೆ ಸೇರಿಸಿ ಬರೆದದ್ದಕ್ಕೆ ಅವರೇ ನನಗೆ ನಿಮಗಿಂತ ಮೊದಲು ಪತ್ರ ಬರೆಯಬೇಕಿತ್ತು. ‘ಮೂಲ’ ಎಂಬ ಶಬ್ದವಂತೂ ಅಲ್ಲಿ ಬೇಕೇ ಇರಲಿಲ್ಲ.

ಆದರೆ ಕೊಂಕಣಿ ಮನೆಯವರು ಆಡಿಸುತ್ತಾರೆ, ಹಾಗಾಗಿ ಅದು ಇಲ್ಲಿಯದ್ದಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಗೊಂಬೆಯನ್ನು ಹತ್ತಿರದಿಂದ ನೋಡಿದ್ದೀರಾ? ಮರದ್ದು, ಎರಡಡಿಯೊಳಗೆ. ತಲೆಗೆ ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ ಯಕ್ಷಗಾನದ ಮುಂಡಾಸು, ಎದೆಗೆ ಕವಚ, ಎಲ್ಲ ಮೇಳದ ವೇಷದ್ದೇ ಅಳತೆ ಕುಗ್ಗಿಸಿದ ಹಾಗೆ. ಆಡಿಸುವವರು ಕಪ್ಪು ಪರದೆಯ ಹಿಂದೆ ನಿಂತು ಮೇಲಿನಿಂದ ದಾರ ಎಳೆಯುತ್ತಾರೆ. ಚೆಂಡೆಯ ಪೆಟ್ಟು ನಿಂತ ಕ್ಷಣಕ್ಕೆ ಸರಿಯಾಗಿ ಗೊಂಬೆಯ ಕಾಲೂ ನಿಲ್ಲುತ್ತದೆ. ಕೈ ಮಾತ್ರ ಒಂದಿಷ್ಟು ನಡುಗುತ್ತದೆ. ಆ ನಡುಕ ದಾರದ್ದೋ ಪಾತ್ರದ್ದೋ ಗೊತ್ತಾಗುವುದಿಲ್ಲ. ಕೊಗ್ಗ ದೇವಣ್ಣ ಕಾಮತರು ಮತ್ತು ಅವರ ಮನೆತನದವರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ ಇದು. ಅವರು ಮನೆಯಲ್ಲಿ ಯಾವ ಭಾಷೆಯಲ್ಲಿ ಊಟಕ್ಕೆ ಕರೆಯುತ್ತಾರೆ ಎನ್ನುವುದರಿಂದ ಆ ಹೆಜ್ಜೆ ಬೇರೆ ಊರಿನದಾಗುತ್ತದಾ?

ಘಟ್ಟದ ಮೇಲೆ ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರನ್ನೇ ನೋಡಿ. ಅವರ ಮನೆಯಲ್ಲಿ ಆಡುವುದು ಮರಾಠಿಗೆ ಹತ್ತಿರದ ಮಾತು. ತೊಗಲುಗೊಂಬೆ ಪರದೆಯ ಮೇಲೆ ಬಂತೆಂದರೆ ಕನ್ನಡ. ಗಣಪತಿ, ಸರಸ್ವತಿಯರ ಪೂಜೆಯಾದ ಮೇಲೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ಬಂದು ನಗಿಸುತ್ತವೆ. ರಾಮ, ಭೀಮ ಎಲ್ಲ ಊರಿಗೂ ಬರುತ್ತಾರೆ. ಬಂಗಾರಕ್ಕ ಆ ಊರಿನವಳು. ಪಾಲಕ್ಕಾಡಿನ ಭದ್ರಕಾಳಿ ಗುಡಿಗಳ ತೊಗಲುಗೊಂಬೆಯಾಟ ತೋಲ್ಪಾವಕೂತ್ತು ಇನ್ನೂ ವಿಶೇಷ. ಮಲಯಾಳಂ ನಾಡಿನಲ್ಲಿ ತಮಿಳಿನ ಕಂಬ ರಾಮಾಯಣ ಹೇಳುತ್ತಾರೆ, ಅದೂ ದೇವಿಗಾಗಿ. ನೋಡುವ ಜನ ಎದುರಿಗೆ ಇಲ್ಲದಿದ್ದರೂ ಆಟ ನಡೆಯುತ್ತದೆ.

ಈಗ ಕೆಲಾಂತಾನ್. ಆ ಲೇಖನ ಹಾಕಿದ್ದೇ ನಿಮ್ಮ ಪ್ರಶ್ನೆ ನನ್ನೊಳಗೂ ಇದ್ದದ್ದರಿಂದ. ಅಲ್ಲಿನ ಗೊಂಬೆಯಾಟಕ್ಕೆ ಹಿಂದೆ ‘ವಯಾಂಗ್ ಸಿಯಾಮ್’ ಎಂಬ ಹೆಸರಿತ್ತು. ಸಿಯಾಮ್ ಅಂದರೆ ಥಾಯ್ಲೆಂಡಿನ ಹಳೆಯ ಹೆಸರು. ಈಗ ‘ವಯಾಂಗ್ ಕುಲಿತ್ ಕೆಲಾಂತಾನ್’. ಹೆಸರಿನಿಂದ ಸಿಯಾಮ್ ಹೋಯಿತು, ಗೊಂಬೆಯ ತಲೆಯ ಮೇಲಿನ ಥಾಯ್ ಕಿರೀಟ ಉಳಿಯಿತು. ಶ್ರೀರಾಮನ ಗೊಂಬೆ ಹಸಿರು ಬಣ್ಣದ್ದು. ಆಡಿಸುವ ದಾಲಾಂಗ್ ಒಬ್ಬನೇ ಎಲ್ಲರ ಮಾತನ್ನೂ ಆಡುತ್ತಾನೆ. ಹೆಚ್ಚಿನವರು ಮಲಯ್ ಮುಸ್ಲಿಮರು. ಪಾಕ್ ದೊಗೋಲ್ ಅಂತ ಒಬ್ಬ ದೊಡ್ಡ ಹೊಟ್ಟೆಯ ಸೇವಕ ಇದ್ದಾನೆ. ನೋಡಲು ಕುರೂಪಿ. ದಾಲಾಂಗರ ನಂಬಿಕೆಯಲ್ಲಿ ಅವನು ದೇವರಿಗೇ ಹಿರಿಯ, ವೇಷ ಮರೆಸಿ ಭೂಮಿಗೆ ಇಳಿದವನು. ಇದು ವಾಲ್ಮೀಕಿಯಲ್ಲಿ ಇಲ್ಲ. ಹೊರಗಿನ ಕಥೆಗೆ ಊರು ಒಬ್ಬ ಯಜಮಾನನನ್ನು ಕೊಟ್ಟಿತು, ಅವನನ್ನು ಸೇವಕನ ಜಾಗದಲ್ಲಿ ಕೂರಿಸಿತು. ನನಗೆ ಆ ಲೇಖನದಲ್ಲಿ ತುಂಬ ಇಷ್ಟವಾದದ್ದು ಇದೇ.

ಆ ಕಲೆಗೆ ಆದದ್ದು ಕೇಳಿ. ಮಲಯ್, ಚೀನೀ, ಭಾರತೀಯ ಮೂಲದ ಜನ ಒಟ್ಟಿಗೆ ಇರುವ ದೇಶ ಅದು. 1971ರಲ್ಲಿ ಅಲ್ಲಿನ ಸರ್ಕಾರ, ರಾಷ್ಟ್ರದ ಸಂಸ್ಕೃತಿ ಈ ನೆಲದ ಮೂಲ ಜನರ ಸಂಸ್ಕೃತಿಯ ಮೇಲೆ ನಿಲ್ಲಬೇಕು ಎಂಬ ನೀತಿ ತಂದಿತು. 1990ರಲ್ಲಿ ಕೆಲಾಂತಾನ್ ರಾಜ್ಯದಲ್ಲಿ ಬೇರೆ ಪಕ್ಷ ಅಧಿಕಾರಕ್ಕೆ ಬಂತು. ಇಸ್ಲಾಮಿಗಿಂತ ಹಿಂದಿನ ಪೂಜೆ, ಮಂತ್ರ ಇದರಲ್ಲಿವೆ ಅಂತ ಅದೇ ಗೊಂಬೆಯಾಟಕ್ಕೆ ನಿರ್ಬಂಧ ಹಾಕಿತು. ಒಬ್ಬರಿಗೆ ಮೂಲ, ಇನ್ನೊಬ್ಬರಿಗೆ ಕಲಬೆರಕೆ. ದಾಲಾಂಗನನ್ನು ಯಾರೂ ಕೇಳಲಿಲ್ಲ.

ಇನ್ನೊಂದು ಮಾತು ಉಂಟು. ಅಲ್ಲಿನ ಕಾಡಿನ ಆದಿವಾಸಿಗಳಿಗೆ ‘ಒರಾಂಗ್ ಆಸ್ಲಿ’ ಎನ್ನುತ್ತಾರೆ. ಆಸ್ಲಿ ಅಂದರೆ ನಮ್ಮ ‘ಅಸಲಿ’ಯೇ. ಅಸಲಿ ಜನ. ಎಲ್ಲರಿಗಿಂತ ಮೊದಲು ಅಲ್ಲಿ ಇದ್ದವರು. ಸಂಸ್ಕೃತಿಯ ಇಷ್ಟೆಲ್ಲ ಚರ್ಚೆಯಲ್ಲಿ ಅವರ ದನಿ ಕೇಳುವುದು ಕಡಿಮೆ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಕರಾವಳಿಯ ಆದಿವಾಸಿಗಳಾದ ಕೊರಗರು. ಮೂಲ ಅಂತ ನಾವಿಬ್ಬರೂ ಜೋರಾಗಿ ಹೇಳುತ್ತಿದ್ದೇವೆ, ಅಲ್ವಾ? ಕೊರಗರ ಡೋಲು ನಿಮ್ಮ ನಾಲ್ಕು ಪುಟದಲ್ಲೂ ಇಲ್ಲ, ನನ್ನ ಅಡಿಬರಹದಲ್ಲೂ ಇಲ್ಲ. ಅವರ ಕೈಯಿಂದ ಆ ಡೋಲನ್ನು ಒತ್ತಾಯದಿಂದ ಬಾರಿಸಿಕೊಂಡವರು, ಅವರಿಗೆ ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸಿದವರು ಇದೇ ಜಿಲ್ಲೆಗಳಲ್ಲಿ ಇದ್ದರು. ಅಜಲು ಎಂಬ ಈ ಪದ್ಧತಿ ನಿಲ್ಲಿಸಲು 2000ದಲ್ಲಿ ಕಾನೂನೇ ಬೇಕಾಯಿತು. ಭೂತಾರಾಧನೆಯ ಮಾತೂ ಹಾಗೆಯೇ. ನೀವು ಹೇಳುವಷ್ಟು ಆಳ ಅದಕ್ಕೆ ಇದೆ, ನಾನೂ ಕೈಮುಗಿಯುವವನೇ. ಆದರೆ ಕಾಲಿಗೆ ಗಗ್ಗರ ಕಟ್ಟಿ ರಾತ್ರಿ ಬೆಳಗಾಗುವ ತನಕ ಮೈ ದಂಡಿಸುವವರು ನಲಿಕೆಯವರು, ಪಂಬದರು, ಪರವರು. ‘ನಮ್ಮ ಮೂಲ’ ಎನ್ನುವಾಗ ಆ ‘ನಮ್ಮ’ದಲ್ಲಿ ಅವರಿಗೆ ಎಷ್ಟು ಪಾಲು? ಹೊರಗಿನಿಂದ ಬಂದದ್ದು ಎನ್ನುತ್ತೀರಲ್ಲ, ಮೊಗವೀರರು ನಂಬುವ ಭೂತ ಬೊಬ್ಬರ್ಯನ ತಂದೆ, ತುಳುವಿನ ಜನಪದ ಹಾಡಾದ ಪಾಡ್ದನದ ಪ್ರಕಾರ, ಸಮುದ್ರ ವ್ಯಾಪಾರದ ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ. ಅವನನ್ನು ಯಾವ ಕಡೆ ಸೇರಿಸುತ್ತೀರಿ?

ನಿಮ್ಮ ಒಂದು ಮಾತಿಗೆ ನನ್ನ ಬಳಿ ಉತ್ತರ ಇಲ್ಲ. ‘ನನ್ನ ಮಗಳು ತುಳುವಿನಲ್ಲಿ ಮಾತಾಡುವ ಗೊಂಬೆಯನ್ನು ನೋಡಿಯೇ ಇಲ್ಲ’ ಅಂತ ಬರೆದಿದ್ದೀರಿ. ಆ ಸಾಲನ್ನು ಓದಿ ನನಗೆ ಬೇಸರವಾಯಿತು. ಯಕ್ಷಗಾನ ಮೇಳಗಳು ತುಳು ಪ್ರಸಂಗ ಆಡಲು ಶುರುಮಾಡಿ ಎಷ್ಟೋ ಕಾಲವಾಯಿತು. ಗೊಂಬೆಗೂ ತುಳು ಕಲಿಸಲು ಯಾರ ಅಡ್ಡಿಯೂ ಇಲ್ಲ. ದಾರ ಹಿಡಿಯುವ ಮಕ್ಕಳು ಬೇಕು, ವರ್ಷಗಟ್ಟಲೆ ಕೂತು ಕಲಿಯುವ ತಾಳ್ಮೆ ಬೇಕು, ಅವರಿಗೆ ಊಟಕ್ಕೆ ದಾರಿಯೂ ಬೇಕು.

ಈ ಸಂಚಿಕೆಯ ಎರಡನೇ ಪುಟದಲ್ಲಿ ಅಡಿಬರಹದ ತಿದ್ದುಪಡಿ ಹಾಕಿದ್ದೇವೆ. ‘ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆ’ ಅಂತ ಮಾತ್ರ ಇದೆ. ಕೊರಗರ ಡೋಲಿನ ಬಗ್ಗೆ ಅವರ ಯುವಕರೇ ಬರೆಯಲಿ ಅಂತ ಕೇಳಿಕೊಂಡಿದ್ದೇನೆ. ಕೆಲಾಂತಾನ್ ಲೇಖನದ ಎರಡನೇ ಭಾಗವೂ ಬರುತ್ತದೆ. ಬಂದಾಗ ಮತ್ತೆ ಬರೆಯಿರಿ, ಇಷ್ಟೇ ಉದ್ದ ಬರೆಯಿರಿ.

ನಿಮ್ಮ
ಸಂಪಾದಕ