ಹೊಸ ಮನೆಯ ಪಕಾಸಿಗೆ ಬೂಷ್ಟು ಬಂದಿದೆ, ಮೇಲೆ ಪಾಲಿಶ್ ಹೊಡೆದರೆ ಸರಿಹೋಗುತ್ತದೆಯೇ?

ಶೃಂಗೇರಿ ಕಡೆ ಮನೆ ಕಟ್ಟಿಸುತ್ತಿದ್ದೇವೆ, ಹಂಚು ಹೊದಿಸುವಷ್ಟರಲ್ಲಿ ಮಳೆ ಹಿಡಿಯಿತು, ಈಗ ಪಕಾಸು (ಮಾಡಿನ ಇಳಿಜಾರಿನ ಮರ), ರೀಪಿನ (ಅದರ ಮೇಲೆ ಹಂಚು ಕೂರುವ ಅಡ್ಡಪಟ್ಟಿ) ಮೇಲೆಲ್ಲ ಬಿಳಿ-ಹಸಿರು ಬೂಷ್ಟು, ಪಾಲಿಶ್ ಹೊಡೆಸಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಆ ತಪ್ಪು ನಾನು ಮಾಡಿದ್ದೇನೆ.

ನಮ್ಮದು ಕೊಪ್ಪದ ಹತ್ತಿರ. ಕೊಯ್ಸಿಟ್ಟ ಮಾವಿನ ಹಲಗೆ ನೆನೆಯಬಾರದು ಅಂತ ಟಾರ್ಪಾಲನ್ನು ನೆಲದವರೆಗೂ ಬಿಗಿದು ಕಟ್ಟಿದ್ದೆ. ಹದಿನೈದು ದಿನ ಬಿಟ್ಟು ತೆಗೆದರೆ ಒಳಗೆಲ್ಲ ಬೆವರು, ಹಲಗೆ ಮೇಲೆ ಬೆಕ್ಕಿನ ಮರಿಗೆ ಬರುವಂಥ ರೋಮ. ಒರೆಸಿ ವಾರ್ನಿಷ್ ಹೊಡೆಸಿದೆ. ಮುಂದಿನ ಮಳೆಗಾಲಕ್ಕೆ ಅದು ಹಪ್ಪಳದ ಹಾಗೆ ಉಬ್ಬಿ ಎದ್ದಿತು. ಒಳಗಿನ ನೀರಿಗೂ ಹೊರಗೆ ಹೋಗಲು ದಾರಿ ಬೇಕಲ್ವಾ?

ಈಗ ನೀವು ಸ್ಕ್ರೂಡ್ರೈವರ್ ಹಿಡಿದು ಏಣಿ ಹತ್ತಿ. ಬೂಷ್ಟು ಮರದ ಮೇಲ್ಮೈಯ ಸಕ್ಕರೆ, ಪಿಷ್ಟ ತಿಂದುಕೊಂಡು ಇರುತ್ತದೆ, ಮರದ ಶಕ್ತಿಗೆ ಕೈ ಹಾಕುವುದಿಲ್ಲ. ಅದಕ್ಕೇ ಚೇಗಿಗಿಂತ, ಅಂದರೆ ಮರದ ನಡುವಿನ ಗಟ್ಟಿ ತಿರುಳಿಗಿಂತ, ಅಂಚಿನ ಬಿಳಿ ಭಾಗದಲ್ಲಿ ಜಾಸ್ತಿ ಕಾಣುತ್ತದೆ. ಹೆದರಬೇಕಾದ್ದು ಲಡ್ಡಿಗೆ, ಅಂದರೆ ಮರ ಒಳಗೇ ಕೊಳೆತು ಮೆತ್ತಗಾಗುವುದಕ್ಕೆ. ಪಕಾಸಿನ ತುದಿ ಗೋಡೆಯ ಮೇಲೆ ಕೂರುವ ಜಾಗದಲ್ಲಿ, ಮೂಲೆ ತೊಲೆಯ ಹತ್ತಿರ ಚುಚ್ಚಿ ನೋಡಿ. ತುದಿಯಿಂದ ಮರ ನೀರು ಎಳೆದುಕೊಳ್ಳುವಷ್ಟು ಬದಿಯಿಂದ ಎಳೆಯುವುದಿಲ್ಲ. ಮೊನೆ ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಆ ಪಕಾಸು ಬದಲಾಯಿಸಿ. ಗಟ್ಟಿ ಇದ್ದರೆ ಬಚಾವ್.

ಒಣ ಬ್ರಷ್ಷಿನಲ್ಲಿ ಉಜ್ಜಬೇಡಿ, ಪುಡಿ ಮನೆಯೆಲ್ಲ ಹಾರುತ್ತದೆ. ಮಾಸ್ಕ್ ಹಾಕಿ, ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಬ್ಲೀಚಿಂಗ್ ಪೌಡರ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದು ಕಲೆಯ ಬಣ್ಣ ತೆಗೆಯುತ್ತದೆ, ಮರದೊಳಗೆ ಇಳಿಯುವುದಿಲ್ಲ. ಜೊತೆಗೆ ಸುಮ್ನೆ ಇನ್ನಷ್ಟು ನೀರು ಕುಡಿಸಿದ ಹಾಗೆ.

ಆಮೇಲೆ ಗಾಳಿ. ಕಿಟಕಿ ತೆಗೆದಿಡಿ, ಬಿಸಿಲಿಲ್ಲದ ದಿನ ಫ್ಯಾನ್ ಹಚ್ಚಿ. ಇನ್ನೂ ಏರಿಸದ ಮರವನ್ನು ನೆಲದಿಂದ ಒಂದಡಿ ಎತ್ತರದಲ್ಲಿ, ಪ್ರತಿ ಸಾಲಿನ ಮಧ್ಯೆ ರೀಪಿನ ತುಂಡು ಕೊಟ್ಟು ಅಟ್ಟಿ ಹಾಕಿ. ಮೇಲೆ ಮಾತ್ರ ಹೊದಿಕೆ, ಬದಿ ಖಾಲಿ ಬಿಡಿ. ಹಳೆ ಮನೆಗಳಲ್ಲಿ ಒಲೆಯ ಹೊಗೆ, ಹಂಚಿನ ಸಂದಿ ಎರಡೂ ಸೇರಿ ಅಟ್ಟವನ್ನು ಒಣಗಿಸುತ್ತಿದ್ದವು. ಈಗ ಗ್ಯಾಸ್ ಬಂತು, ಹಂಚಿನ ಕೆಳಗೆ ಸೀಲಿಂಗೂ ಬಂತು. ನೀವು ಸೀಲಿಂಗ್ ಹಾಕಿಸುವುದಿದ್ದರೆ ಸ್ವಲ್ಪ ತಡೆಯಿರಿ.

ಮರದ ತೇವ ಅಳೆಯುವ ಮುಳ್ಳಿನ ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ. ಶೇಕಡಾ 20ಕ್ಕಿಂತ ಕೆಳಗೆ ಬಂದರೆ ಬೂಷ್ಟು ಬೆಳೆಯುವುದು ಕಷ್ಟ. ಬಿಸಿನೀರಲ್ಲಿ ಬೋರಾಕ್ಸ್, ಬೋರಿಕ್ ಆಸಿಡ್ ಕರಗಿಸಿ ಎರಡು ಕೈ ಬಳಿದರೆ ಲಡ್ಡು, ಮರ ಕೊರೆಯುವ ಕುಟ್ಟೆ ಹುಳ ಎರಡಕ್ಕೂ ತಡೆ. ಆದರೆ ಮಳೆ ನೀರು ತಾಗುವ ಕಡೆ ಅದು ತೊಳೆದು ಹೋಗುತ್ತದೆ, ಸೂರಿನ ಒಳಗೆ ಮಾತ್ರ ಬಳಿಯಿರಿ. ಮಕ್ಕಳ ಕೈಗೆ ಸಿಗದಂತೆ ಇಡಿ.

ಪಾಲಿಶನ್ನು ಫೆಬ್ರವರಿಗೆ ಇಟ್ಟುಕೊಳ್ಳಿ. ಗೃಹಪ್ರವೇಶಕ್ಕೆ ಬಂದವರು ಯಾರೂ ತಲೆ ಎತ್ತಿ ಪಕಾಸು ನೋಡುವುದಿಲ್ಲ, ಎಲ್ಲರ ಕಣ್ಣೂ ಊಟದ ಪಂಕ್ತಿಯ ಮೇಲೇ ಇರುತ್ತದೆ.