ಹಾಸನದ ಸಣ್ಣ ಬಾರ್‌ನಲ್ಲಿ ರಾತ್ರಿ ಊಟ: ಯಾವಾಗ ಹೋಗಬೇಕು, ಏನು ಹೇಳಬೇಕು?

ಕೆಲಸದ ಮೇಲೆ ಹಾಸನಕ್ಕೆ ಬಂದು ಒಬ್ಬರೇ ಇದ್ದೀರಿ, ರೂಮಿನ ಹತ್ತಿರವೇ ಒಂದು ಹಳೇ ಬಾರ್ ಅಂಡ್ ರೆಸ್ಟೋರೆಂಟ್ ಇದೆ, ಅಲ್ಲಿ ಒಂದೆರಡು ಪೆಗ್ ಜೊತೆ ಹೊಟ್ಟೆ ತುಂಬ ಊಟ ಮಾಡಬಹುದಾ, ಮೋಸ ಹೋಗದ ಹಾಗೆ ಏನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ಒಳ್ಳೆ ಮುದ್ದೆ ಊಟ ಇಂಥ ಬಾರ್‌ಗಳಲ್ಲೂ ಸಿಗುತ್ತೆ. ಆದರೆ ಏಳೂವರೆಗೆ ಸಿಗುವ ಊಟ ಹತ್ತೂವರೆಗೆ ಸಿಗಲ್ಲ. ರುಚಿ ಕೆಡೋದು, ದುಡ್ಡು ದಂಡ ಆಗೋದು ಬಹುಪಾಲು ಹೊತ್ತು ಮೀರಿ ಆರ್ಡರ್ ಮಾಡೋದರಿಂದಲೇ.

ಮೊದಲು ಬೋರ್ಡ್ ನೋಡಿ. ಕೂತು ಕುಡಿದು ಉಣ್ಣುವ ಇಂಥ ಬಾರ್‌ಗೆ ಸಾಮಾನ್ಯವಾಗಿ ಇರೋದು ಸಿಎಲ್-9 ಲೈಸೆನ್ಸ್. ಸಿಎಲ್-2 ಅಂತಿದ್ದರೆ ಅದು ವೈನ್ ಸ್ಟೋರ್, ಕೊಂಡು ಹೋಗೋದಕ್ಕೆ ಮಾತ್ರ. ಅದರ ಪಕ್ಕದ ಸಂದಿಯಲ್ಲಿ ನಾಲ್ಕು ಜನ ನಿಂತು ಕುಡೀತಿದ್ದರೂ ಅಲ್ಲಿ ಊಟದ ಆಸೆ ಬೇಡ.

ಇನ್ನು ಅಡುಗೆಮನೆ. ಇಲ್ಲಿ ಎರಡು ಬಗೆ ಅಡುಗೆ ನಡೆಯುತ್ತೆ. ಒಂದು, ಸಂಜೆಯೇ ಮಾಡಿಟ್ಟಿದ್ದು: ನಾಟಿ ಕೋಳಿ ಸಾರು, ಮಟನ್ ಸಾರು, ಕಾಲ್ ಸೂಪ್, ತಲೆಮಾಂಸ, ಕುಕ್ಕರ್‌ನಲ್ಲಿ ಬೇಯಿಸಿಟ್ಟ ಬೋಟಿ. ಇನ್ನೊಂದು, ನೀವು ಹೇಳಿದ ಮೇಲೆ ಬಾಣಲೆಗೆ ಬೀಳೋದು: ಲಿವರ್ ಫ್ರೈ, ಪೆಪ್ಪರ್ ಚಿಕನ್, ಎಗ್ ಬುರ್ಜಿ, ಆಮ್ಲೆಟ್. ಸಾರು ಆ ದಿನಕ್ಕೆ ಇಷ್ಟು ಅಂತ ಮಾಡಿರ್ತಾರೆ. ಒಂಬತ್ತೂವರೆ ಹೊತ್ತಿಗೆ ಪಾತ್ರೆ ತಳ ಕಾಣುತ್ತೆ, ಆಮೇಲೆ ಬಿಸಿನೀರು ಸುರಿದು ಉಪ್ಪು ಖಾರ ಹಾಕಿ ಕುದಿಸಿದ್ದು ಬರುತ್ತೆ. ಅದಕ್ಕೇ ಕೂತ ತಕ್ಷಣ, ಡ್ರಿಂಕ್ಸ್ ಹೇಳುವಾಗಲೇ ಸಪ್ಲೈಯರ್‌ಗೆ 'ಅಣ್ಣ, ಒಂದು ಮುದ್ದೆ, ನಾಟಿ ಕೋಳಿ ಎತ್ತಿಡ್ಸಿ, ಎಂಟೂವರೆಗೆ ಕೊಡಿ' ಅಂದುಬಿಡಿ. ಕುಡಿದು ಮುಗಿಸಿ ಊಟ ಹೇಳೋಣ ಅಂದುಕೊಂಡರೆ ಕೊನೆಗೆ ಸಿಗೋದು ಎಗ್ ರೈಸ್.

ಮುದ್ದೆ ಕೇಳುವಾಗ 'ಈಗ ತೊಳಸಿದ್ದಾ?' ಅಂತ ಒಂದು ಮಾತು ಕೇಳಿ. ತೊಳಸಿ ಗಂಟೆ ಆದರೆ ಮೇಲೆ ಸಿಪ್ಪೆ ಕಟ್ಟಿ, ಒಳಗೆ ಗಟ್ಟಿಯಾಗಿ, ನುಂಗುವಾಗ ಗಂಟಲಲ್ಲಿ ನಿಲ್ಲುತ್ತೆ. ಸರಿಯಾದ ಮುದ್ದೆ ಮುರಿದರೆ ಹಬೆ ಏಳಬೇಕು, ಸಾರಲ್ಲಿ ಅದ್ದಿದ ಬೆರಳಿಗೆ ಅಂಟಬಾರದು. ಒಳಗೆ ಹಸಿ ಹಿಟ್ಟಿನ ಗಂಟು ಕಂಡರೆ ಸಂಕೋಚ ಬೇಡ, ಬದಲಾಯಿಸಿ ಕೊಡಿ ಅನ್ನಿ. ಅಡುಗೆಯವರು ಯಾವ ಕಡೆಯವರು ಅಂತ ತಿಳಿದುಕೊಂಡರೂ ಲಾಭ ಇದೆ. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯವರಾದರೆ ಮುದ್ದೆ, ತಲೆಮಾಂಸ ನಂಬಿ ಹೇಳಬಹುದು. ಸಕಲೇಶಪುರದ ಕಡೆಯವರಾದರೆ ಅಕ್ಕಿ ರೊಟ್ಟಿ, ಕಡುಬು, ಹಂದಿ ಫ್ರೈ ಕೇಳಿ ನೋಡಿ, ಎಷ್ಟೋ ಸಲ ಇವು ಮೆನುವಿನಲ್ಲಿ ಇರಲ್ಲ.

ನೆಂಚಿಕೊಳ್ಳೋಕೆ ಒಂದೇ ಐಟಂ ಅಂದರೆ ನನ್ನ ಓಟು ಲಿವರ್ ಫ್ರೈಗೆ. ತೆಳ್ಳಗೆ ಹೆಚ್ಚಿದ ಲಿವರ್ ಜೋರು ಉರಿಯಲ್ಲಿ ಐದಾರು ನಿಮಿಷಕ್ಕೆ ಬೇಯುತ್ತೆ. ಈರುಳ್ಳಿ, ಸೀಳಿದ ಹಸಿಮೆಣಸಿನಕಾಯಿ, ಕರಿಬೇವು, ಕೊನೆಗೆ ಕುಟ್ಟಿದ ಕಾಳುಮೆಣಸು, ಇಷ್ಟೇ. ಹೊಸದಾಗಿ ಮಾಡಿದ್ದಾದರೆ ಚೂರು ಮೆತ್ತಗಿರುತ್ತೆ, ಕಚ್ಚಿದಾಗ ಒಳಗೆ ತಿಳಿಕಂದು ಬಣ್ಣ. ಒಳಗೆ ಕೆಂಪು ನೀರು ಬಂದರೆ ಇನ್ನೂ ಬೇಯಬೇಕು. ಕರ್ರಗಾಗಿ, ಹಲ್ಲಿಗೆ ರಬ್ಬರ್ ಥರ ಸಿಕ್ಕಿದರೆ ಮೊದಲೇ ಮಾಡಿಟ್ಟಿದ್ದನ್ನು ಮತ್ತೆ ಬಿಸಿ ಮಾಡಿದ್ದಾರೆ. ಲಿವರ್ ಹೆಚ್ಚು ಬೆಂದಷ್ಟೂ ಗಟ್ಟಿಯಾಗುತ್ತೆ, ಬೋಟಿ ಹಾಗಲ್ಲ. ಬೋಟಿ ಚೆನ್ನಾಗಿ ಬೆಂದಿರಲೇಬೇಕು, ವಾಸನೆ ಉಳಿದಿದ್ದರೆ ತೊಳೆದಿದ್ದು ಸಾಲದು ಅಂತ ಅರ್ಥ.

ಕಬಾಬ್ ಎಲ್ಲರೂ ಹೇಳ್ತಾರೆ, ಹಾಗಾಗಿ ಅದನ್ನು ಸಂಜೆಯೇ ಅರ್ಧ ಕರಿದು ಇಟ್ಟಿರ್ತಾರೆ, ಆರ್ಡರ್ ಬಂದಾಗ ಮತ್ತೆ ಎಣ್ಣೆಗೆ. ಅದು ತಪ್ಪಲ್ಲ. ಅವಸರದಲ್ಲಿ ತೆಗೆದರೆ ಮಾತ್ರ ಹೊರಗೆ ಗರಿಗರಿ, ಮೂಳೆ ಹತ್ತಿರ ಹಸಿ ಉಳಿಯುತ್ತೆ. ಮೊದಲ ಪೀಸ್ ಮುರಿದು ಮೂಳೆ ಪಕ್ಕ ನೋಡಿ. ಬಣ್ಣವನ್ನೂ ಗಮನಿಸಿ: 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ಹಾಕಬಾರದು ಅಂತ ರಾಜ್ಯ ಸರ್ಕಾರ ಆದೇಶ ಮಾಡಿದೆ. ಪಕ್ಕದ ಈರುಳ್ಳಿ ಗುಲಾಬಿ ಆದರೆ, ಕೈ ತೊಳೆದ ಮೇಲೂ ಬೆರಳು ಕೆಂಪಗಿದ್ದರೆ ಆ ಜಾಗದಲ್ಲಿ ಮತ್ತೆ ಅದನ್ನು ಹೇಳಬೇಡಿ. ಒಂಬತ್ತರ ಮೇಲೆ ಕರಿದಿದ್ದು ಯಾವುದೂ ಬೇಡ ಅನ್ನೋದು ನನ್ನ ಸಲಹೆ. ಸಂಜೆಯಿಂದ ಕಾದ ಎಣ್ಣೆ ಅಷ್ಟೊತ್ತಿಗೆ ಕಪ್ಪಾಗಿರುತ್ತೆ. ತಡವಾಗಿ ಹೋದರೆ ಬುರ್ಜಿ, ಆಮ್ಲೆಟ್, ಬೇಯಿಸಿದ ಮೊಟ್ಟೆಗೆ ಉಪ್ಪು ಮೆಣಸು, ಇವೇ ಕ್ಷೇಮ.

ವಾರ ನೋಡಿ ಹೇಳೋದನ್ನೂ ಕಲಿಯಿರಿ. ಸೋಮವಾರ, ಶನಿವಾರ ಮಾಂಸ ಮುಟ್ಟದವರು ಈ ಕಡೆ ಬಹಳ. ಭಾನುವಾರ ಹೊಸ ಮಟನ್ ಬರುತ್ತೆ, ಸೋಮವಾರ ಬರೋ ಚಾಪ್ಸ್ ಭಾನುವಾರದ್ದೇ ಇರಬಹುದು. ಬಂಗುಡೆ ಥರದ ಸಮುದ್ರದ ಮೀನು ಮಂಗಳೂರಿನ ಕಡೆಯಿಂದ ಘಾಟಿ ಹತ್ತಿ ಬರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಜೊತೆಗೆ ಮಳೆ ಜೋರಾದರೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್. ಆ ತಿಂಗಳುಗಳಲ್ಲಿ ಕಾಟ್ಲಾ, ರೋಹು ಥರದ ಕೆರೆ, ಡ್ಯಾಂ ಮೀನು ಕೇಳೋದು ವಾಸಿ.

ಡ್ರಿಂಕ್ಸ್ ವಿಷಯ. ಬಿಡಿ ಪೆಗ್ ಬದಲು ಸೀಲ್ ಇರೋ ನೈಂಟಿ (90 ಎಂಎಲ್) ಅಥವಾ ಕ್ವಾರ್ಟರ್ ಹೇಳಿ, ನಿಮ್ಮ ಎದುರೇ ತೆಗೆಸಿ. ಕ್ವಾರ್ಟರ್ ಅಂದರೆ 180 ಎಂಎಲ್, 30ರ ಆರು ಪೆಗ್. ಬಿಡಿ ಪೆಗ್‌ನಲ್ಲಿ ಅಳತೆಯೂ ಬ್ರಾಂಡೂ ನಿಮ್ಮ ಕಣ್ಣಿಗೆ ಬೀಳಲ್ಲ. ಬಿಯರ್ ಹಗುರ ಅನ್ನೋ ಲೆಕ್ಕಾಚಾರ ಸ್ಟ್ರಾಂಗ್ ಬಿಯರ್‌ಗೆ ಹೊಂದಲ್ಲ: ಶೇ 8ರ 650 ಎಂಎಲ್ ಬಾಟಲಿಯಲ್ಲಿ 52 ಎಂಎಲ್ ಆಲ್ಕೋಹಾಲ್. ಶೇ 42.8ರ ವಿಸ್ಕಿ ಅಥವಾ ರಮ್‌ನ 60ರ ಎರಡು ಪೆಗ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಖಾಲಿ ಹೊಟ್ಟೆಯಲ್ಲಿ ಶುರು ಮಾಡಬೇಡಿ. ಮೊದಲು ಒಂದು ಕಾಲ್ ಸೂಪ್ ಇಳಿಯಲಿ. ಟೇಬಲ್‌ಗೆ ತಾನಾಗೇ ಬರೋ ಖಾರ ಮಿಕ್ಸ್ಚರ್, ಉಪ್ಪು ಕಡಲೆಬೀಜ ತಿಂದಷ್ಟೂ ಬಾಯಾರಿಕೆ, ಅದಕ್ಕೆ ನೀರು ಕುಡೀರಿ.

ಬಿಲ್ ಬಗ್ಗೆ ಮೂರು ಮಾತು. ವೈನ್ ಸ್ಟೋರ್‌ನ ಎಂಆರ್‌ಪಿಗಿಂತ ಬಾರ್‌ನಲ್ಲಿ ದರ ಜಾಸ್ತಿ ಇರುತ್ತೆ, ಎಸಿ ಕಡೆ ಕೂತರೆ ದರಪಟ್ಟಿಯೇ ಬೇರೆ ಇರಬಹುದು. ಕೂರೋ ಮೊದಲು ಕೇಳಿ. ಜಿಎಸ್‌ಟಿ ಹಾಕಿದರೆ ಊಟಕ್ಕೆ ಮಾತ್ರ, ಶೇ 5. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಒಟ್ಟು ಮೊತ್ತಕ್ಕೆ ಹಾಕಿದ್ದರೆ ಗಲ್ಲಾದಲ್ಲಿ ತೋರಿಸಿ ತೆಗೆಸಿ. ಸಪ್ಲೈಯರ್‌ಗೆ ಇಪ್ಪತ್ತೋ ಮೂವತ್ತೋ ಕೈಗೇ ಕೊಡಿ, ಮುಂದಿನ ಸಲ ನಿಮ್ಮ ಸಾರಿನ ಬಟ್ಟಲಲ್ಲಿ ಪೀಸ್ ನೋಡಿ ಹಾಕಿಸ್ತಾರೆ.

ನಡೆದುಕೊಂಡೇ ಹೋಗಿ, ನಡೆದೇ ಬನ್ನಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಕೇಸು. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದೂರ ಇದ್ದರೆ ಆಟೋ ಹತ್ತೋ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ.

ನೀವು ಸಸ್ಯಾಹಾರಿ ಆಗಿದ್ದರೆ ಪೀನಟ್ ಮಸಾಲ, ಗೋಬಿ, ಮಶ್ರೂಮ್ ಪೆಪ್ಪರ್ ಸಿಗುತ್ತೆ, ಆದರೆ ಬಾಣಲೆ, ಎಣ್ಣೆ ಎರಡೂ ಮಾಂಸಕ್ಕೆ ಬಳಸಿದ್ದೇ ಇರಬಹುದು. ಅದು ಆಗಲ್ಲ ಅಂದರೆ ಪೀನಟ್ ಮಸಾಲ, ಸೌತೆಕಾಯಿಯಲ್ಲಿ ಮುಗಿಸಿ ಊಟಕ್ಕೆ ಬೇರೆ ಹೋಟೆಲ್‌ಗೆ ಹೋಗಿ. ಅಲ್ಲೂ ಹತ್ತು ಗಂಟೆ ಆದರೆ ಶಟರ್ ಎಳೀತಾರೆ, ಹೊತ್ತು ನೋಡಿಕೊಂಡು ಏಳಿ.