ಸೂಜಿಯೊಳಗೆ ಚಿಪ್ ಹಿಡಿಸುತ್ತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಚಿಪ್ಪು, ಟವರು, 5ಜಿ ಕುರಿತದ್ದೇ ಜಾಸ್ತಿ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಅಲ್ಲಿ ಒಂದು ಮಗುವಿನ ಮಾತಿದೆ.

*ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ತಿಂಗಳು ತುಂಬಿದೆ. ದಡಾರದ ಸೂಜಿ ಹಾಕಿಸಿ ಅಂತ ಆಶಾ ಅಕ್ಕ ಎರಡು ಸಲ ಮನೆಗೆ ಬಂದು ಹೋದರು. ನಮ್ಮ ಅತ್ತೆ ಬೇಡವೇ ಬೇಡ ಅಂತಾರೆ. ಕೊರೊನಾ ಸೂಜಿಯೊಳಗೆ ಚಿಪ್ ಇತ್ತಂತೆ, ಈಗ ಮಕ್ಕಳ ಸೂಜಿಯಲ್ಲೂ ಇಡ್ತಾರಂತೆ, ದನದ ಕಿವಿಗೆ ಬಿಲ್ಲೆ ಹೊಡೆದ ಹಾಗೆ ಮಂದಿಗೂ ನಂಬರ್ ಹಾಕ್ತಾರಂತೆ. ಯಾರೋ ಫೋನಿನಲ್ಲಿ ವಿಡಿಯೊ ತೋರಿಸಿದ್ದಾರೆ. ಅತ್ತೆ ಕೆಟ್ಟವರಲ್ಲ, ಮೊಮ್ಮಗಳೆಂದರೆ ಜೀವ. ಅವರಿಗೆ ಹೇಗೆ ತಿಳಿಸಿ ಹೇಳಲಿ?*
— ಆಳಂದ ತಾಲ್ಲೂಕಿನ ಓದುಗರು

ತಂಗಿ, ಅತ್ತೆಯವರ ಜೊತೆ ವಾದಕ್ಕೆ ಇಳಿಯಬೇಡಿ. ಮುಂದಿನ ಸಲ ಸೂಜಿ ಹಾಕುವ ದಿನ ಅವರನ್ನೂ ಅಂಗನವಾಡಿಗೆ ಕರೆದುಕೊಂಡು ಹೋಗಿ. ಸಿಸ್ಟರ್ ಹತ್ತಿರ ಆ ಬಾಟಲಿ ತೋರಿಸಿ ಅಂತ ಕೇಳಿ. ದಡಾರದ ಲಸಿಕೆ ಪುಡಿಯಾಗಿ ಬರುತ್ತದೆ. ಅದಕ್ಕೆ ಅಂತಲೇ ಬಂದ ನೀರನ್ನು ನಿಮ್ಮ ಎದುರೇ ಬೆರೆಸುತ್ತಾರೆ, ಬೆರೆಸಿದ ಮೇಲೆ ನಾಲ್ಕು ತಾಸಿನೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲುತ್ತಾರೆ. ಒಂದೇ ಬಾಟಲಿಯಿಂದ ಹಲವು ಮಕ್ಕಳಿಗೆ ಅರ್ಧರ್ಧ ಎಂ.ಎಲ್. ಎಳೆದು ಹಾಕುತ್ತಾರೆ. ಆ ನೀರಿನಲ್ಲಿ ಚಿಪ್‌ಗಳು ತೇಲುತ್ತಿದ್ದರೆ ಈ ಮಗುವಿಗೆ ಒಂದು, ಆ ಮಗುವಿಗೆ ಒಂದು ಅಂತ ಎಣಿಸಿ ಎಳೆಯೋದು ಹೇಗೆ? ಯಾವ ನಂಬರ್ ಯಾವ ಕೂಸಿಗೆ ಹೋಯಿತು ಅಂತ ಬರೆದುಕೊಳ್ಳೋರು ಯಾರು? ಅತ್ತೆಯವರಿಗೆ ಈ ಮಾತು ಪಟ್ಟನೆ ಹೊಳೆಯುತ್ತದೆ. ಬೇಳೆ ಸಾರಿನಲ್ಲಿ ಬಿದ್ದ ನಾಲ್ಕು ಮೆಣಸಿನಕಾಳು ನಾಲ್ಕು ತಟ್ಟೆಗೆ ಒಂದೊಂದೇ ಬೀಳುವುದಿಲ್ಲ ಅಂತ ಅವರಿಗೆ ನಾವು ಹೇಳಿಕೊಡಬೇಕಿಲ್ಲ.

ಚಿಪ್ ಅನ್ನೋದು ಸುಳ್ಳು ವಸ್ತುವಲ್ಲ, ಅದನ್ನೂ ಹೇಳಬೇಕು. ಸಾಕುನಾಯಿಗೆ ಕತ್ತಿನ ಚರ್ಮದ ಕೆಳಗೆ ಚಿಪ್ ಹಾಕುತ್ತಾರೆ. ಬೀದರಿನಲ್ಲಿ ಗೆಳೆಯರ ನಾಯಿಗೆ ಹಾಕುವಾಗ ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಗಾಜಿನ ಸಣ್ಣ ಕೊಳವೆ, ಉದ್ದ ಸುಮಾರು 12 ಮಿಲಿಮೀಟರ್, ದಪ್ಪ 2 ಮಿಲಿಮೀಟರ್. ಸೋನಾ ಮಸೂರಿ ಅಕ್ಕಿಯ ಎರಡು ಕಾಳನ್ನು ಉದ್ದಕ್ಕೆ ಜೋಡಿಸಿಟ್ಟ ಹಾಗೆ. ಅದನ್ನು ಚುಚ್ಚುವ ಸೂಜಿ ನೋಡಿದರೆ ಎದೆ ಝಲ್ಲೆನ್ನುತ್ತದೆ, ಗೋಣಿಚೀಲ ಹೊಲಿಯುವ ದಬ್ಬಣ ನೋಡಿದ ಹಾಗೆ ಆಗುತ್ತದೆ. ನಿಮ್ಮ ಮಗಳಿಗೆ ಹಾಕುವ ಸೂಜಿಯ ಒಳಗಿನ ತೂತು ಒಂದು ಮಿಲಿಮೀಟರಿನ ಮೂರರಲ್ಲಿ ಒಂದು ಪಾಲಷ್ಟೇ ಇರುತ್ತದೆ.

ಇಷ್ಟೆಲ್ಲ ಮಾಡಿ ಹಾಕಿದ ಆ ನಾಯಿಯ ಚಿಪ್ ಏನು ಹೇಳುತ್ತದೆ? 15 ಅಂಕಿಯ ಒಂದು ನಂಬರ್, ಅಷ್ಟೆ. ಅದರಲ್ಲಿ ಬ್ಯಾಟರಿ ಇಲ್ಲ. ಸ್ಕ್ಯಾನರನ್ನು ಕತ್ತಿಗೆ ತೀರಾ ಹತ್ತಿರ ಹಿಡಿದು ಎರಡು ಸಲ ಸವರಿದ ಮೇಲೆ ಆ ಯಂತ್ರ ಕುಂಯ್ ಅಂತು. ನಾಯಿ ಓಡಿಹೋದರೆ ಎಲ್ಲಿದೆ ಅಂತ ಆ ಚಿಪ್ ಹೇಳಲಾರದು. ದೂರಕ್ಕೆ ಸುದ್ದಿ ಕಳಿಸಬೇಕಾದರೆ ಕರೆಂಟು ಬೇಕು, ಆಂಟೆನಾ ಬೇಕು. ನಿಮ್ಮ ಫೋನಿಗೆ ಅಷ್ಟು ದೊಡ್ಡ ಬ್ಯಾಟರಿ ಇದ್ದರೂ ಸಂಜೆಗೆ ಚಾರ್ಜಿಗೆ ಇಡುತ್ತೀರಿ, ಅಲ್ವಾ? ಧೂಳಿನಷ್ಟು ಸಣ್ಣ ಚಿಪ್ ಇವೆಯಲ್ಲ ಅಂತ ಯಾರಾದರೂ ಕೇಳಬಹುದು. ಹೌದು, ಹಿಟಾಚಿ ಕಂಪನಿ 2007ರಲ್ಲೇ 0.05 ಮಿಲಿಮೀಟರಿನ ಚಿಪ್ ತೋರಿಸಿತ್ತು. ಆದರೆ ಅದಕ್ಕೂ ಹೊರಗಿನಿಂದ ಆಂಟೆನಾ ಜೋಡಿಸಬೇಕಿತ್ತು, ಇಲ್ಲದಿದ್ದರೆ ಅದು ಮೂಕ.

ದನದ ಕಿವಿಯ ಹಳದಿ ಬಿಲ್ಲೆಯ ಮಾತು ಬಂತಲ್ಲ, ಅದರಲ್ಲೂ ಚಿಪ್ ಇಲ್ಲ. ಪ್ಲಾಸ್ಟಿಕ್ಕಿನ ಮೇಲೆ 12 ಅಂಕಿ, ಒಂದು ಬಾರ್‌ಕೋಡ್. ಕೊಟ್ಟಿಗೆಗೆ ಹೋಗಿ ಬೆಳಕಿಗೆ ಹಿಡಿದು ನೋಡಿ. ಕಾಲುಬಾಯಿ ರೋಗದ ಲಸಿಕೆ ಯಾವ ಎಮ್ಮೆಗೆ ಹಾಕಿದರು, ವಿಮೆ ಯಾವ ಆಕಳಿಗೆ ಇದೆ ಅಂತ ಲೆಕ್ಕ ಇಡೋದಕ್ಕೆ ಆ ನಂಬರು.

ಈಗ ಮಗುವಿನ ಮಾತು. ದಡಾರಕ್ಕೆ ನಮ್ಮ ಕಡೆ ಹಿರಿಯರು ಗೊಬ್ಬರ ಅಂತಾರೆ, ಅತ್ತೆಯವರಿಗೆ ಆ ಹೆಸರು ಗೊತ್ತಿರುತ್ತದೆ, ಅವರ ಕಾಲದಲ್ಲಿ ಅದು ಎಷ್ಟು ಮನೆ ಹೊಕ್ಕಿತ್ತು ಅಂತ ಅವರನ್ನೇ ಕೇಳಿ. ಗಾಳಿಯಲ್ಲಿ ಹರಡುತ್ತದೆ. ರೋಗ ಇದ್ದ ಮಗು ಕೋಣೆಯಿಂದ ಎದ್ದು ಹೋದ ಮೇಲೂ ಎರಡು ತಾಸಿನವರೆಗೆ ಆ ಗಾಳಿಯಲ್ಲಿ ವೈರಸ್ ಉಳಿಯಬಹುದು. ನ್ಯುಮೋನಿಯಾ ಆಗಬಹುದು, ಕಣ್ಣು ಹೋಗಬಹುದು, ಮಿದುಳಿಗೆ ಏರಬಹುದು. ಒಂಬತ್ತು ತಿಂಗಳು ತುಂಬಿದ ಕೂಡಲೇ ಒಂದು ಡೋಸ್, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಂದು. ತಾಯಿ ಕಾರ್ಡಿನಲ್ಲಿ ಆ ಮನೆ ಖಾಲಿ ಬಿಡಬೇಡಿ, ತಂಗಿ.

*ಪ್ರಶ್ನೆ: 2021ರ ಮೇ ತಿಂಗಳಲ್ಲಿ ನಮ್ಮ ಅಣ್ಣ ತೀರಿಕೊಂಡರು. ಆಗ 5ಜಿ ಟೆಸ್ಟಿಂಗ್ ನಡೆದಿತ್ತು, ಅದರಿಂದಲೇ ಜನ ಸತ್ತರು, ಕೊರೊನಾ ಅನ್ನೋದು ನೆಪ ಅಂತ ಊರಲ್ಲಿ ಈಗಲೂ ಹೇಳುತ್ತಾರೆ. ನಮ್ಮ ಓಣಿಯಲ್ಲೇ ಟವರ್ ಇದೆ. ಮನಸ್ಸಿಗೆ ಸಮಾಧಾನ ಇಲ್ಲ.*
— ಶಹಾಪುರದ ಓದುಗರು

ಅಣ್ಣನನ್ನು ಕಳೆದುಕೊಂಡ ದುಃಖಕ್ಕೆ ನನ್ನ ಹತ್ತಿರ ಮದ್ದಿಲ್ಲ. ಆದರೆ ತಾರೀಖುಗಳನ್ನು ಒಟ್ಟಿಗೆ ಇಟ್ಟು ನೋಡೋಣ. ದೇಶದಲ್ಲಿ ಕೊರೊನಾದ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯವರದ್ದೇ, 2020ರ ಮಾರ್ಚ್‌ನಲ್ಲಿ. ಆ ದಿನಗಳು ನಿಮಗೂ ನೆನಪಿರಬೇಕು, ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಭಾರತದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ನಡುವೆ ಎರಡೂವರೆ ವರ್ಷ. ಎರಡನೇ ಅಲೆಯಲ್ಲಿ ಇದೇ ಗಾಳಿಸುದ್ದಿ ಹಬ್ಬಿದಾಗ, 2021ರ ಮೇನಲ್ಲಿ, ದೂರಸಂಪರ್ಕ ಇಲಾಖೆಯೇ ದೇಶದಲ್ಲಿ ಎಲ್ಲೂ 5ಜಿ ಪರೀಕ್ಷೆ ಶುರುವೇ ಆಗಿಲ್ಲ ಅಂತ ಪ್ರಕಟಣೆ ಕೊಟ್ಟಿತ್ತು. ನಿಮ್ಮ ಓಣಿಯ ಟವರಿನಲ್ಲಿ ಆಗ ಇದ್ದದ್ದು ಅದಕ್ಕೂ ಮುಂಚೆ ವರ್ಷಗಟ್ಟಲೆ ಇದ್ದ ಸಿಗ್ನಲ್ಲೇ. ಅಣ್ಣನನ್ನು ಕರೆದೊಯ್ದದ್ದು ಡೆಲ್ಟಾ ಅನ್ನುವ ಆ ವೈರಸ್ಸಿನ ಕಾಲ, ಆಕ್ಸಿಜನ್ನಿಗಾಗಿ ಮಂದಿ ಓಡಾಡಿದ ಕಾಲ. ವೈರಸ್ ಉಸಿರಿನಲ್ಲಿ ಬರುತ್ತದೆ, ರೇಡಿಯೊ ಅಲೆಯ ಮೇಲೆ ಕೂತು ಬರಲಾರದು.

ಇನ್ನು ಟವರಿನ ಭಯ. ರೇಡಿಯೇಷನ್ ಅಂದ ಕೂಡಲೇ ಅಣುಬಾಂಬು ಕಣ್ಣಮುಂದೆ ಬರುತ್ತದೆ. ಆದರೆ ದೀಪದ ಬೆಳಕೂ ರೇಡಿಯೇಷನ್ನೇ, ಒಲೆಯ ಕಾವೂ ರೇಡಿಯೇಷನ್ನೇ. ಅಲೆ ವೇಗವಾಗಿ ಕಂಪಿಸಿದಷ್ಟೂ ಅದರ ಬಲ ಜಾಸ್ತಿ. ಎಕ್ಸ್‌ರೇ ಥರದ್ದು ಜೀವಕೋಶದ ಒಳಗಿನ ಕೊಂಡಿಯನ್ನು ಮುರಿಯಬಲ್ಲದು. 5ಜಿ ಅಲೆಗಿಂತ ನಿಮ್ಮ ಮನೆಯ ಬಲ್ಬಿನ ಬೆಳಕು ಲಕ್ಷ ಪಟ್ಟಿಗೂ ಜಾಸ್ತಿ ವೇಗವಾಗಿ ಕಂಪಿಸುತ್ತದೆ, ಆ ಬೆಳಕಿಗೇ ಕೊಂಡಿ ಮುರಿಯುವ ಬಲ ಇಲ್ಲ. ಮೊಬೈಲ್ ಅಲೆ ತೀರಾ ಜೋರಾಗಿದ್ದರೆ ಮೈ ಬಿಸಿ ಮಾಡಬಲ್ಲದು, ಅದಕ್ಕೇ ಮಿತಿ ಇಟ್ಟಿರೋದು. 2012ರಿಂದ ನಮ್ಮ ದೇಶದಲ್ಲಿ ಟವರಿನ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2011ರಲ್ಲಿ ಈ ಅಲೆಗಳನ್ನು 2ಬಿ ಪಟ್ಟಿಗೆ ಸೇರಿಸಿದ್ದು ನಿಜ. ಅದು ಸಾಬೀತಾದವುಗಳ ಪಟ್ಟಿಯಲ್ಲ. ಸಾಕ್ಷಿ ಅರೆಬರೆ ಇರುವವು ಅಲ್ಲಿರುತ್ತವೆ. ಸಾಬೀತಾದವುಗಳ ಪಟ್ಟಿಯಲ್ಲಿ ತಂಬಾಕು ಇದೆ, ಅಡಿಕೆ ಇದೆ. ಗುಟ್ಕಾ ಜಗಿಯುತ್ತಾ ಟವರಿಗೆ ಹೆದರುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಇನ್ನೊಂದು ಮಾತು. ತಾಂಡಾಗಳಲ್ಲಿ ರೇಂಜ್ ಸಿಗದ ಕಡೆ ಫೋನ್ ಬೇಗ ಬಿಸಿ ಆಗುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ. ದೂರದ ಟವರಿಗೆ ಕೇಳಿಸಲಿ ಅಂತ ಅದು ಜೋರಾಗಿ ಕೂಗಬೇಕು. ಆ ಕೂಗುವ ಫೋನ್ ಇರೋದು ನಿಮ್ಮ ಕಿವಿಯ ಹತ್ತಿರ. ಟವರ್ ಹತ್ತಿರ ಇದ್ದರೆ ಫೋನ್ ಮೆಲ್ಲಗೆ ಮಾತಾಡುತ್ತದೆ.

*ಪ್ರಶ್ನೆ: ಹೊಲದ ಬದುವಿನ ಹತ್ತಿರ ಟವರ್ ಬಂದ ಮೇಲೆ ಎರಡು ವರ್ಷದಿಂದ ತೊಗರಿ ಅಲ್ಲಲ್ಲಿ ನಿಂತಲ್ಲೇ ಒಣಗುತ್ತಿದೆ. ಪರಿಹಾರ ಕೇಳಬಹುದಾ?*
— ಜೇವರ್ಗಿಯ ಓದುಗರು

ಅಣ್ಣಾವ್ರೆ, ಪರಿಹಾರ ಕೇಳುವ ಮೊದಲು ಒಣಗಿದ ಒಂದು ಗಿಡ ಕಿತ್ತು, ಬುಡದ ಹತ್ತಿರ ಕಾಂಡವನ್ನು ಉದ್ದಕ್ಕೆ ಸೀಳಿ. ಒಳಗೆ ಕಂದು ಅಥವಾ ಕಪ್ಪು ಗೆರೆ ಕಂಡರೆ ಅದು ನೆಟೆ ರೋಗ. ಮಣ್ಣಿನ ಶಿಲೀಂಧ್ರ ಬೇರಿನಿಂದ ಏರಿ ನೀರಿನ ದಾರಿ ಕಟ್ಟುತ್ತದೆ. ತೊಗರಿಯ ಮೇಲೆ ತೊಗರಿ ಬಿತ್ತಿದ ಹೊಲದಲ್ಲಿ ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತದೆ. ಅದಕ್ಕೇ ಟವರ್ ಬಂದದ್ದೂ ರೋಗ ಬಂದದ್ದೂ ಒಂದೇ ಸಮಯ ಅನ್ನಿಸಿರಬಹುದು. ಟವರಿಲ್ಲದ ಊರುಗಳ ಹೊಲ ನೋಡಿ ಬನ್ನಿ, ಅಲ್ಲೂ ಹೀಗೇ ಒಣಗಿರುತ್ತದೆ. ಒಂದೆರಡು ವರ್ಷ ಜೋಳ ಹಾಕಿ. ಆಮೇಲೆ ನೆಟೆ ತಡೆಯುವ ಮಾರುತಿ ಇಲ್ಲವೇ ಟಿಎಸ್-3ಆರ್ ತಳಿ, ಬೀಜಕ್ಕೆ ಟ್ರೈಕೋಡರ್ಮಾ ಅನ್ನುವ, ರೋಗ ತಡೆಯುವ ಒಳ್ಳೆಯ ಶಿಲೀಂಧ್ರ ಹಚ್ಚಿ ಬಿತ್ತಿ. ಗೆರೆ ಕಾಣದಿದ್ದರೆ ಬೇರೆ ರೋಗ ಇರಬಹುದು, ಗಿಡವನ್ನು ಬೇರು ಸಮೇತ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.

*ಪ್ರಶ್ನೆ: 5ಜಿ ತಡೆಯುವ ಪದಕ ಅಂತ ಒಬ್ಬರು 1,500 ರೂಪಾಯಿಗೆ ಮಾರುತ್ತಿದ್ದಾರೆ. ಮಗನ ಕೊರಳಿಗೆ ಹಾಕಿದ್ದೇನೆ. ಕೆಲಸ ಮಾಡುತ್ತಾ?*
— ಭಾಲ್ಕಿಯ ಓದುಗರು

ಮಾಡುವುದಿಲ್ಲ. ಅದು ಅಲೆ ತಡೆಯುತ್ತಿದ್ದರೆ ಪಕ್ಕದಲ್ಲಿಟ್ಟ ಫೋನಿಗೆ ರೇಂಜೇ ಬರಬಾರದು, ಇಟ್ಟು ನೋಡಿ. ದುಡ್ಡು ಹೋದದ್ದು ದೊಡ್ಡ ಮಾತಲ್ಲ, ನನಗೆ ಚಿಂತೆ ಬೇರೆ. 2021ರ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಪರಮಾಣು ಸುರಕ್ಷತಾ ಸಂಸ್ಥೆ ಇಂಥ ಪದಕ, ಕೈಬಳೆಗಳನ್ನು ಪರೀಕ್ಷಿಸಿ, ಹತ್ತು ವಸ್ತುಗಳಿಂದ ನಿಜವಾದ ಅಪಾಯಕಾರಿ ವಿಕಿರಣ ಹೊರಡುತ್ತಿದೆ, ಹಾಕಿಕೊಳ್ಳಬೇಡಿ ಅಂತ ಎಚ್ಚರಿಸಿತ್ತು. ನಿಮ್ಮದು ಅಂಥದ್ದೇ ಅಂತ ನೋಡದೆ ಹೇಳಲಾಗದು. ಆದರೂ ಇವತ್ತೇ ಮಗನ ಕೊರಳಿಂದ ತೆಗೆಯಿರಿ. ಡಬ್ಬಿಯಲ್ಲಿ ಹಾಕಿ, ಮಕ್ಕಳು ಮಲಗುವ ಕೋಣೆಯಿಂದ ದೂರ ಇಡಿ.